ಓಟಿಪಿ ಬಂದ ಮೇಲಿನ ರೇವಣಸಿದ್ದ ಕಾಕಾ

ತುಂಬಿದ ಸಿಲಿಂಡರನ್ನು ಹೆಗಲಿಗೇರಿಸಿ ಮಾಳಿಗೆ ಹತ್ತುವಾಗ ನಡುಗದ ರೇವಣಸಿದ್ದ ಕಾಕಾರ ಕೈ, ಮೊಬೈಲ್ ಹಿಡಿದ ಕೂಡಲೇ ನಡುಗುತ್ತಿತ್ತು.

ಅಫಜಲಪುರದ ಗ್ಯಾಸ್ ಏಜೆನ್ಸಿಯೊಂದರ ಕೌಂಟರಿನಲ್ಲಿ ನಾನು ಕೂರುತ್ತೇನೆ. ಕಾಕಾ ಹಳ್ಳಿಗಳಿಗೆ ಸಿಲಿಂಡರ್ ಮುಟ್ಟಿಸುತ್ತಿದ್ದರು. ಇಳಿಸಿ ಹೊರಟುಬಿಡುವವರಲ್ಲ. ವಾಲ್ವಿಗೆ ಸಾಬೂನಿನ ನೊರೆ ಸವರಿ, ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡಿ, “ಒಲಿ ಹಚ್ಚಿ ತೋರಸ್ರಿ ಯವ್ವಾ, ಆಮ್ಯಾಲ ಹೋಗ್ತೇನಿ” ಎನ್ನುತ್ತಿದ್ದರು.

ಆಮೇಲೆ ಓಟಿಪಿ ಬಂತು. ಗ್ರಾಹಕರ ಮೊಬೈಲಿಗೆ ಬರುವ ಸಂಖ್ಯೆಯನ್ನು ಕಾಕಾ ತಮ್ಮ ಫೋನಿನಲ್ಲಿ ಒತ್ತದೆ ಸಿಲಿಂಡರ್ ಕೊಡುವಂತಿರಲಿಲ್ಲ. ದಿನಾ ಬೆಳಿಗ್ಗೆ ಗಾಡಿ ತುಂಬುವ ಮೊದಲು ನನ್ನ ಹತ್ತಿರ ಬರುತ್ತಿದ್ದರು. “ತಂಗೀ, ಇನ್ನೊಮ್ಮಿ ತೋರ್ಸು. ತಪ್ಪು ಒತ್ತಿದ್ರ ಏನಾಗ್ತದ?” ಸಂಖ್ಯೆ ಸಿಗದೆ ಸಿಲಿಂಡರ್ ವಾಪಸ್ ತಂದ ದಿನ ಹೊಸ ಮ್ಯಾನೇಜರ್ ಎಲ್ಲರೆದುರು ಹೇಳಿದ, “ಆಗಂಗಿಲ್ಲಂದ್ರ ಮನ್ಯಾಗ ಕುಂದರ್ರಿ.” ಅಂದಿನಿಂದ ಕಾಕಾ ಊಟದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ಒಯ್ಯತೊಡಗಿದರು.

ಒಂದು ಮಧ್ಯಾಹ್ನ ಗೊಬ್ಬೂರು ಹಳ್ಳಿಯಿಂದ ಅವರ ಫೋನ್ ಬಂತು. “ತಂಗೀ, ಈ ಮನ್ಯಾಗ ಬಾಣಂತಿ ಅದಾಳ, ಒಲಿ ಆರ್‍ಯಾದ. ಓಟಿಪಿ ಪುಣಾದಾಗಿರೋ ಇವ್ರ ಮಗನ ಮೊಬೈಲಿಗಿ ಹೋಗ್ಯಾದ. ಆಂವ ಡ್ಯೂಟಿ ಮ್ಯಾಲ ಅದಾನ, ಫೋನ್ ಎತ್ತವಲ್ಲ. ಹೆಂಗ ಮಾಡ್ಲಿ?”

ಪಕ್ಕದ ಟೇಬಲ್ಲಿನಿಂದ ಮ್ಯಾನೇಜರ್, “ವಾಪಸ್ ತರಾಕ ಹೇಳು” ಎಂದ. ಹೇಳಿದೆ. ಆ ಕಡೆ ಕೂಸು ಅಳುವುದು ಕೇಳಿಸಿತು. ಕಾಕಾ ಫೋನ್ ಇಟ್ಟರು.

ಉಳಿದ ಗಾಡಿಗಳೆಲ್ಲ ಬಂದವು, ಅವರದು ಬರಲಿಲ್ಲ. ಮ್ಯಾನೇಜರ್ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದ. ಹೊತ್ತು ಮುಳುಗುವಾಗ ಕಾಕಾ ಬಂದರು. ಸಿಲಿಂಡರ್ ಜೋಡಿಸಿ, ಬಾಣಂತಿಗೆ ನೀರು ಕಾಯಿಸಲು ಬಿಟ್ಟು, ಮಗನ ಡ್ಯೂಟಿ ಮುಗಿದು ಸಂಖ್ಯೆ ಸಿಗುವವರೆಗೂ ಅದೇ ಮನೆಯ ಕಟ್ಟೆಯ ಮೇಲೆ ಕೂತಿದ್ದರಂತೆ.

“ಉಳಿದ ಮನಿಗೋಳು?” ಮ್ಯಾನೇಜರ್ ಕೂಗಿದ.

“ಬೈರಿ ಸಾಹೇಬ್ರ, ತಪ್ಪಾಗ್ಯಾದ,” ಎಂದರು ಕಾಕಾ. “ಆದ್ರ ಇದು ನಾಳಿಗೂ ಆಗ್ತದ. ಭಾಳ ಮನಿಗೋಳ ನಂಬರು ದುಡ್ಯಾಕ ಹೋದವರ ಕಡಿ ಅದಾವ. ಈ ತಂಗೀನ್ನ ನನ್ನ ಗಾಡ್ಯಾಗ ಕಳಸ್ರಿ. ಮನ್ಯಾಗಿರೋರ ನಂಬರು ಹಾಕ್ತಾಳ.”

ಮ್ಯಾನೇಜರ್ ಗ್ರಾಹಕರ ಪಟ್ಟಿಯನ್ನು ನನ್ನ ಕಡೆ ಸರಿಸಿ, “ಹೋಗ್ರಿ” ಎಂದ.

ಮರುದಿನ ಗೊಬ್ಬೂರಿನಲ್ಲಿ ನಾನು ನಂಬರ್ ಬದಲಿಸುತ್ತಿದ್ದರೆ, ಕಾಕಾ ಒಬ್ಬೊಬ್ಬ ಹೆಣ್ಣುಮಗಳಿಗೂ ಮೆಸೇಜ್ ತೆಗೆದು ತೋರಿಸುತ್ತಿದ್ದರು. “ನಾ ಬಾಗಲ್ದಾಗ ನಿಂತಾಗಷ್ಟೇ ಹೇಳ್ರಿ. ಫೋನ್ ಹಚ್ಚಿ ಯಾರರ ಕೇಳಿದ್ರ ಕೊಡಬ್ಯಾಡ್ರಿ.” ಕಲಿಸುತ್ತ ಕಲಿಸುತ್ತ ತಾವೂ ಕಲಿತರು. ಆಮೇಲೆ ಹಳ್ಳಿ ಹಳ್ಳಿಗೂ ಹೋದೆವು. ಅವರ ಗಾಡಿಯಿಂದ ಸಿಲಿಂಡರ್ ವಾಪಸ್ ಬರುವುದು ನಿಂತಿತು.

ಆದರೂ ಅವರು ಕೆಲಸದಲ್ಲಿ ಉಳಿಯಲಿಲ್ಲ. ಹಂಚುವ ಕೆಲಸ ಗುತ್ತಿಗೆದಾರನೊಬ್ಬನಿಗೆ ಹೋಯಿತು. ಅವನು ತನ್ನ ಹುಡುಗರನ್ನೇ ಕರೆತಂದ.

ಕಾಕಾರನ್ನು ಕೊನೆಗೆ ಕಂಡದ್ದು ಕೌಂಟರಿನ ಆಚೆ. ಜೇವರ್ಗಿಯ ಮಗಳ ಮನೆಗೆ ಹೊರಟಿದ್ದರು. ತಮ್ಮ ಗ್ಯಾಸ್ ಕನೆಕ್ಷನ್ ಅಲ್ಲಿಗೆ ಬದಲಿಸಿಕೊಳ್ಳಲು ಬಂದು ಸಾಲಿನ ಕೊನೆಯಲ್ಲಿ ನಿಂತಿದ್ದರು.

“ಕಾಕಾ, ಮುಂದ ಬರ್ರಿ,” ಎಂದೆ.

“ಬ್ಯಾಡ ತಂಗಿ. ಇವ್ರೆಲ್ಲ ಆಗಿಂದ ನಿಂತಾರ.”

ಸರದಿ ಬಂತು, ಕೆಲಸ ಮುಗಿಯಿತು, ಹೊರಟರು. ಅವರಿನ್ನೂ ಎದುರಿನ ರಸ್ತೆ ದಾಟುತ್ತಿದ್ದಾಗ ಫೋನ್ ಬಂತು. ಗೊಬ್ಬೂರಿನ ಹೆಂಗಸಿನ ದನಿ: “ಕಾಕಾ ಎಷ್ಟೊತ್ತಿಗಿ ಬರ್ತಾರ್ರೀ?”

“ಇವತ್ತು ಬ್ಯಾರೆಯವ್ರು ಬರ್ತಾರ್ರೀ ಯವ್ವಾ,” ಎಂದೆ. ಇವತ್ತಷ್ಟೇ ಅಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.