ಹನ್ನೆರಡು ದಿನ ಮೊದಲೇ ಬಂದ ಕೂಸು

ಕಾರ್ಮಿನ್ ಆಂಟಿಯ ಬಸ್ಸು ಹತ್ತಬೇಕಾದರೆ ಮೂರು ನಿಯಮಗಳಿವೆ. ಇಸ್ತ್ರಿ ಮಾಡಿದ ಬಟ್ಟೆ ಹಾಕಿರಬೇಕು. ಹೋಟೆಲಿನ ಲಾಬಿಯಲ್ಲಿ ಬುತ್ತಿ ಬಿಚ್ಚಬಾರದು. ಮೂರನೆಯದನ್ನು ಬಸ್ಸು ಹೊರಡುವ ಮೊದಲು ಅವರು ಎದ್ದು ನಿಂತೇ ಹೇಳುತ್ತಾರೆ: "ಎಲ್ಲ ಕಣ್ಣಲ್ಲಿ ನೋಡಿ, ಕೈಯಲ್ಲಿ ನೋಡುದು ಬೇಡ." ಹದಿನೆಂಟು ವರ್ಷಗಳಲ್ಲಿ ಈ ಮೂರನೆಯ ನಿಯಮ ಮುರಿದವರು ಒಬ್ಬರೇ. ಅವರು ಯಾರೆಂದು ಮುಚ್ಚಿಡುವ ಆಸೆ ನನಗಿಲ್ಲ, ಸ್ವತಃ ಆಂಟಿಯೇ.

ಆಂಟಿ ಉಡುಪಿ ಕಡೆಯ ಶಿರ್ವದವರು. ಮಸ್ಕತ್ತಿನ ಅಲ್ ಖೌದ್‌ನಲ್ಲಿ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಶನಿಸ್ಟ್. ನಮ್ಮ ಮೇಲಿನ ಫ್ಲಾಟಿನಲ್ಲಿ ಅವರ ವಾಸ. ನಾನು, ನನ್ನ ಹೆಂಡತಿ ಆಶಿತಾ, ಮಗಳು ಖುಷಿ ಮೈಸೂರಿನವರು. ಕ್ರಿಸ್ಮಸ್ ಎಂದರೆ ಕೇಕು ಎಂದಷ್ಟೇ ತಿಳಿದಿದ್ದವರು. ಆ ಅಜ್ಞಾನವನ್ನು ಆಂಟಿ ಒಂದೇ ಡಿಸೆಂಬರಿನಲ್ಲಿ ಬಿಡಿಸಿದರು.

ಒಮಾನಿಗೆ ಬಂದ ಹೊಸದರಲ್ಲಿ, ಡಾಕ್ಟರು ಮರೆತುಬಂದ ಕನ್ನಡಕ ತರಲು ಅವರು ದೊಡ್ಡ ಹೋಟೆಲೊಂದಕ್ಕೆ ಹೋಗಿದ್ದರಂತೆ. ಲಾಬಿಯಲ್ಲಿ ಮೂರು ಆಳೆತ್ತರದ ಕ್ರಿಸ್ಮಸ್ ಮರ, ಮೈತುಂಬ ದೀಪ. ಊರು ಬಿಟ್ಟುಬಂದು ನಾಲ್ಕೇ ತಿಂಗಳು. ಕನ್ನಡಕ ಮರೆತು ಒಂದು ಗಂಟೆ ಅಲ್ಲೇ ನಿಂತುಬಿಟ್ಟರು. "ಸೆಕ್ಯುರಿಟಿಯವ ಬಂದ. ಓಡಿಸ್ತಾನೆ ಅಂತ ಗ್ರಹಿಸಿದೆ. ಅವ ಕುರ್ಚಿ ಹಾಕಿ ಜ್ಯೂಸ್ ಕೊಟ್ಟ ಮಾರಾಯ್ರೆ!" ಮರುವರ್ಷ ನಾಲ್ಕು ಗೆಳತಿಯರನ್ನು ಕರೆದುಕೊಂಡು ಹೋದರು. ಆಮೇಲೆ ಅದು ಬೆಳೆದು ಇಪ್ಪತ್ತು ಸೀಟಿನ ಬಸ್ಸಾಯಿತು.

ಹೋದ ಡಿಸೆಂಬರ್ ಹನ್ನೆರಡು, ಶುಕ್ರವಾರ. ಐದು ಹೋಟೆಲುಗಳ ಪಟ್ಟಿ. ಆಂಟಿ ಕೆಂಪು ಸೀರೆ ಉಟ್ಟು, ತೋಳಿಗೆ ದೊಡ್ಡ ವ್ಯಾನಿಟಿ ಬ್ಯಾಗ್ ನೇತುಹಾಕಿ, ಮದುಮಗಳ ತಾಯಿಯ ಗಡಿಬಿಡಿಯಲ್ಲಿದ್ದರು. ಮೊದಲನೆಯ ಹೋಟೆಲಿನಲ್ಲಿ ಶುಂಠಿ ಬಿಸ್ಕತ್ತಿನಿಂದ ಕಟ್ಟಿದ ಮನೆ. ಒಳಗೆ ಮನುಷ್ಯರೇ ನಡೆಯಬಹುದು! ಮೂಗಿಗೆ ಬೆಲ್ಲದ ವಾಸನೆ ಹೊಡೆಯಿತು. ನಾನಂತೂ ಗೋಡೆ ನೆಕ್ಕದೆ ಹೊರಬಂದದ್ದು ನಿಯಮದ ಭಯಕ್ಕೆ.

ಎರಡನೆಯದು ಮಕ್ಕಳ ಜಾರುಬಂಡೆ, ನೀರಾಟದ ಪಾರ್ಕು ಇರುವ ರೆಸಾರ್ಟ್. ಅಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಜಾಯ್ಸನ್, ಆಂಟಿಯ ಚರ್ಚಿನವನು. ನಮ್ಮ ಬಸ್ಸಿಗೆ ಪ್ರತಿವರ್ಷ ಅನುಮತಿ ಕೊಡಿಸುವವನು ಅವನೇ. ಜಾರುಬಂಡೆಯ ಉದ್ದಕ್ಕೂ ದೀಪ, ಈಜುಕೊಳದಲ್ಲಿ ತೇಲುವ ನಕ್ಷತ್ರಗಳು, ಒಂಟೆಗಳು ಎಳೆಯುವ ಸಾಂತಾನ ಗಾಡಿ. ಖುಷಿ ಕಿರುಚಿದ್ದಕ್ಕೆ ಲೆಕ್ಕವಿಲ್ಲ. ಲಾಬಿಯ ಮೂಲೆಯಲ್ಲಿ ಈ ಸಲ ಹೊಸದಾಗಿ ಗೋದಲಿ ಇತ್ತು, ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಬೊಂಬೆ ಅಲಂಕಾರ. ಮರಿಯಮ್ಮ, ಜೋಸೆಫ್, ಹಸು, ಕುರಿ. ನಡುವೆ ಹುಲ್ಲಿನ ಮೇಲೆ ಅಂಗೈಯಗಲದ ಕೂಸು.

ಆಂಟಿಯ ಮುಖ ಕಪ್ಪಿಟ್ಟಿತು. "ಇವತ್ತು ತಾರೀಕು ಎಷ್ಟು? ಹನ್ನೆರಡು ದಿನ ಮೊದಲೇ ಹುಟ್ಟಿಸಿ ಬಿಟ್ಟಿದ್ದಾರಲ್ಲ!" ಇಪ್ಪತ್ನಾಲ್ಕರ ಸೂರ್ಯ ಮುಳುಗುವವರೆಗೆ ಆ ಹುಲ್ಲು ಬರಿದಾಗಿರಬೇಕಂತೆ. ಶಿರ್ವದಲ್ಲಿ ಅವರಮ್ಮ ಕೂಸನ್ನು ಅಲ್ಲಿಯವರೆಗೆ ಅಕ್ಕಿ ಡಬ್ಬದಲ್ಲಿ ಮುಚ್ಚಿಡುತ್ತಿದ್ದರಂತೆ. ಆಶಿತಾಗೆ ತಕ್ಷಣ ಅರ್ಥವಾಯಿತು: "ದಸರೆಯ ಪಾಡ್ಯಕ್ಕೆ ಮುಂಚೆ ಪಟ್ಟದ ಗೊಂಬೆ ಕೂರಿಸಿದ ಹಾಗೆ, ಅಲ್ವಾ ಆಂಟಿ?" ನಾವು ಹಾಗೇ ಮುಂದೆ ನಡೆದೆವು.

ಮೂರನೆಯ ಹೋಟೆಲು ಖುರುಂ ಕಡಲ ಹತ್ತಿರ, ಮೂವತ್ತೈದು ಕಿಲೋಮೀಟರ್ ಆಚೆ. ಬಸ್ಸಿನಿಂದ ಇಳಿಯುವಾಗ ಆಂಟಿ ಕರವಸ್ತ್ರಕ್ಕೆ ಬ್ಯಾಗಿಗೆ ಕೈಹಾಕಿದರು. ಕರವಸ್ತ್ರದ ಜೊತೆಗೆ ಕೂಸೂ ಬಂತು.

"ಮ್ಹಜ್ಯಾ ದೆವಾ!" ಎಂದವರೇ ಮೆಟ್ಟಿಲ ಮೇಲೇ ಕುಸಿದು ಕೂತರು. ಕೂಸನ್ನು ಜೋಸೆಫನ ಹಿಂದೆ ಹುಲ್ಲಿನಲ್ಲಿ ಅಡಗಿಸೋಣವೆಂದು ಎತ್ತಿಕೊಂಡಿದ್ದರಂತೆ. ಆ ಹೊತ್ತಿಗೆ ಖುಷಿ ಫೋಟೋಗೆ ಕೂಗಿದಳು. ಗಾಬರಿಯಲ್ಲಿ ಕೈ ಬ್ಯಾಗಿಗೆ ಹೋಯಿತು. ಕೈಗೆ ಬುದ್ಧಿ ಹೇಳಬೇಕಾದ ತಲೆ ಫೋಟೋಗೆ ನಗುತ್ತಿತ್ತು.

ಆಗಲೇ ಜಾಯ್ಸನ್ ಫೋನು. ಕೂಸು ತಮ್ಮ ಬಳಿ ಇದೆ ಎಂದು ಆಂಟಿ ಕೊಂಕಣಿಯಲ್ಲಿ ಹೇಳುವ ಮೊದಲೇ ಅವನು ಫೋನಿಟ್ಟ, ಮತ್ತೆ ಮಾಡಿದರೆ ಎತ್ತಲಿಲ್ಲ. ಗೋದಲಿಯ ಕೂಸು ಕಾಣೆಯಾಗಿದೆ, ಹುಲ್ಲೆಲ್ಲ ಕೆದಕಿ ಆಯಿತು. ಆರು ಗಂಟೆಗೆ ಮರದ ದೀಪ ಬೆಳಗುವ ಸಮಾರಂಭ. ಅಷ್ಟರೊಳಗೆ ಸಿಗದಿದ್ದರೆ ಜಾಯ್ಸನ್ ಬರೆದು ಉತ್ತರ ಕೊಡಬೇಕು. ನಮ್ಮ ಬಸ್ಸನ್ನು ಒಳಗೆ ಬಿಡಿಸಿದವನು ಅವನೇ ತಾನೇ? ಗಂಟೆ ನಾಲ್ಕೂಮುಕ್ಕಾಲು.

"ಬಸ್ಸು ತಿರುಗಿಸಿ!" ಎಂದರು ಆಂಟಿ. ಡ್ರೈವರು "ಯಲ್ಲಾ!" ಎಂದು ಗೇರು ಹಾಕಿದ. ಶುಕ್ರವಾರ ಸಂಜೆ ಹೆದ್ದಾರಿಯ ಅವಸ್ಥೆ ಗೊತ್ತಲ್ಲ, ಇಡೀ ಮಸ್ಕತ್ತೇ ಕಡಲಿಗೆ ಹೊರಟಿರುತ್ತದೆ. ಇಪ್ಪತ್ತು ಜನ ಕಿಟಕಿಗೆ ಮೂಗು ಒತ್ತಿ, ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಡ್ರೈವರಿಗೆ ಉಪದೇಶ ಮಾಡಿದರು. ಆಂಟಿ ಕೂಸನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಜಪಮಾಲೆ ಹೇಳುತ್ತಿದ್ದರು.

ನಾನು ಮೈಸೂರಿನ ಜಾಣತನ ತೋರಿಸಿದೆ. "ಆಂಟಿ, ಸುಮ್ಮನೆ ಹುಲ್ಲಿನ ಕೆಳಗೆ ಇಟ್ಟುಬಿಡಿ. ಯಾರಿಗೂ ಗೊತ್ತಾಗಲ್ಲ."

ಅವರು ಜಪ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದರು. "ಮತ್ತೆ ಜಾಯ್ಸನ್ ಸರಿಯಾಗಿ ಹುಡುಕಲಿಲ್ಲ ಅಂತ ಆಗುದಿಲ್ವಾ? ತೆಗೆದದ್ದು ನಾನು. ಹೇಳುದು ಸಹ ನಾನೇ."

ನನಗೆ ನಾಚಿಕೆಯಾಯಿತು.

ಆರಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆವು. ಗೋದಲಿಯ ಮುಂದೆ ಜಾಯ್ಸನ್ ಮಂಡಿಯೂರಿ ಹುಲ್ಲಿನ ಎಳೆ ಎಳೆ ಬಿಡಿಸುತ್ತಿದ್ದ. ಪಕ್ಕದಲ್ಲಿ ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ಡ್ಯೂಟಿ ಮ್ಯಾನೇಜರ್ ಯೂಸುಫ್, ಒಮಾನಿ. ಆಂಟಿ ನೇರವಾಗಿ ಹೋಗಿ ಕರವಸ್ತ್ರ ಬಿಚ್ಚಿ ಕೂಸನ್ನು ಚಾಚಿದರು. ತಮ್ಮ ಹಿಂದಿಯಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿದರು: ತಾರೀಕು ತಪ್ಪಿದ್ದು, ಅಕ್ಕಿ ಡಬ್ಬ, ಫೋಟೋ, ಬ್ಯಾಗು. "ಜಾಯ್ಸನ್‌ದು ತಪ್ಪಿಲ್ಲ. ಪೊಲೀಸಿಗೆ ಕೊಡುದಾದ್ರೆ ನನ್ನನ್ನು ಕೊಡಿ."

ಯೂಸುಫ್ ಕೂಸನ್ನು ನೋಡಿದರು, ಆಂಟಿಯನ್ನು ನೋಡಿದರು.

"ಹಾಗಾದರೆ ಈ ಮಗು ಬರಬೇಕಾದದ್ದು ಯಾವಾಗ?"

"ಇಪ್ಪತ್ನಾಲ್ಕಕ್ಕೆ. ಸೂರ್ಯ ಮುಳುಗಿದ ಮೇಲೆ."

"ನಾವು ಇದನ್ನು ಇಟ್ಟದ್ದು ಈ ವರ್ಷವೇ ಮೊದಲು, ಯಾರೂ ನಮಗೆ ಹೇಳಲಿಲ್ಲ," ಎಂದರು ಯೂಸುಫ್. "ಮರ್ಯಮ್ ನಮ್ಮ ಕುರಾನಿನಲ್ಲೂ ಬರುವ ತಾಯಿ. ಅವಸರ ಮಾಡಿಸುವುದು ಬೇಡ." ಆಮೇಲೆ ಆಂಟಿಗೆ ಬೆರಳುಗಳನ್ನು ಕೂಸಿನ ಮೇಲೆ ಮೆಲ್ಲನೆ ಮಡಚಲು ಸನ್ನೆ ಮಾಡಿದರು. "ನಿಮ್ಮ ಅಕ್ಕಿ ಡಬ್ಬದಲ್ಲೇ ಇರಲಿ. ಇಪ್ಪತ್ನಾಲ್ಕಕ್ಕೆ ನೀವೇ ತನ್ನಿ. ಖಲಾಸ್."

ಬಸ್ಸಿನವರೆಲ್ಲ ಚಪ್ಪಾಳೆ ಹೊಡೆದರು. ಆರಕ್ಕೆ ಮರ ಬೆಳಗಿತು. ಉಳಿದ ಹೋಟೆಲುಗಳಿಗೆ ಆ ವರ್ಷ ಹೋಗಲಿಲ್ಲ, ಯಾರೂ ಕೇಳಲೂ ಇಲ್ಲ.

ಹನ್ನೆರಡು ದಿನ ಆಂಟಿ ಅನ್ನ ಮಾಡಲು ನಮ್ಮ ಮನೆಯ ಅಕ್ಕಿ ಕೇಳಿ ಪಡೆದರು. ಅವರ ಡಬ್ಬ ಮುಟ್ಟುವ ಹಾಗಿರಲಿಲ್ಲವಲ್ಲ. ಇಪ್ಪತ್ನಾಲ್ಕರ ಸಂಜೆ ರೆಸಾರ್ಟಿನವರೇ ಕಾರು ಕಳಿಸಿದರು. ಬಾಗಿಲಲ್ಲಿ ಯೂಸುಫ್, ಜಾಯ್ಸನ್, ಅಡುಗೆಯವರು, ತೋಟದವರು, ದೇಶದೇಶದ ಅತಿಥಿಗಳ ಮಕ್ಕಳು ಸಾಲಾಗಿ ನಿಂತಿದ್ದರು. ಇಷ್ಟು ವರ್ಷ ಗುಂಪಿನ ಹಿಂದೆ ನಿಂತು ಹಣಕಿ ನೋಡಿದ ಹೆಂಗಸಿಗೆ ಎಲ್ಲರೂ ದಾರಿ ಬಿಟ್ಟರು.

ಆಂಟಿ ಮಂಡಿಯೂರಿ ಕೂಸನ್ನು ಹುಲ್ಲಿನ ಮೇಲೆ ಮಲಗಿಸಿದರು. ಅಂಟಿಕೊಂಡಿದ್ದ ಒಂದು ಅಕ್ಕಿಕಾಳು ತೆಗೆದರು. ತಲೆ ಸರಿಮಾಡಿದರು. ಮತ್ತೆ ಸರಿಮಾಡಿದರು. ಕೈ ಹಿಂದೆ ಬರಲೇ ಇಲ್ಲ.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಅವರ ಭುಜ ಮುಟ್ಟಿ ಕನ್ನಡದಲ್ಲೇ ಹೇಳಿದಳು: "ಆಂಟಿ, ಕಣ್ಣಲ್ಲಿ ನೋಡಿ, ಕೈಯಲ್ಲಿ ನೋಡುದು ಬೇಡ."

"ಹೌದು ಮಗಾ," ಎಂದರು ಆಂಟಿ. ಕೈ ತೆಗೆದು ಕಣ್ಣು ಒರೆಸಿಕೊಂಡರು.