ದಿನಕ್ಕೆ ನಾಲ್ಕು ಬೆಳಗು

ತೊಂಬತ್ತು ದಾಟಿದ ಮೇಲೆ ನನ್ನ ಅತ್ತೆಗೆ ದಿನಕ್ಕೆ ನಾಲ್ಕು ಸಲ ಬೆಳಗಾಗತೊಡಗಿತು. ಸಣ್ಣ ನಿದ್ದೆ ಹತ್ತಿ ಎಚ್ಚರವಾದರೆ ಸಾಕು, ಅದು ಬೆಳಗು. ಬೆಳಗಾದರೆ ಜಳಕ, ಜಳಕವಾದರೆ ಲಿಂಗಪೂಜೆ, ಪೂಜೆ ಮುಗಿದರೇ ಬಾಯಿಗೆ ಹನಿ ನೀರು. ಹುಡುಗಿಯಾಗಿದ್ದಾಗ ಗುರುಗಳು ಅಂಗೈಗೆ ಕೊಟ್ಟ ಲಿಂಗ. ಅಂದಿನಿಂದ ಒಂದು ದಿನವೂ ಆ ಕ್ರಮ ತಪ್ಪಿರಲಿಲ್ಲ.

ನಾವಿರುವುದು ಬೀದರಿನಲ್ಲಿ, ನನ್ನ ಮಗನ ಮನೆಯಲ್ಲಿ. ಆಕೆ ಏಳುವುದು ಮಾತ್ರ ಬೇರೆ ಬೇರೆ ಊರಿನಲ್ಲಿ. ಒಮ್ಮೆ ಚಿಂತಾಕಿಯ ತವರಿನಲ್ಲಿ ಎದ್ದು, ಮಜ್ಜಿಗೆ ಕಡೆಯುತ್ತಿರುವ ತಾಯಿಯನ್ನು ಕರೆಯುತ್ತಿದ್ದಳು. ನಾನು ‘ಹೂಂ’ ಎನ್ನುತ್ತಿದ್ದೆ. ಮಧ್ಯಾಹ್ನ ಡಾಬಕಾದಲ್ಲಿ ಏಳುವಳು: ಹೊಸ ಸೊಸೆ, ತೊಗರಿ ಕೊಯ್ಯಲು ಹೋಗಬೇಕು, ಇಬ್ಬನಿ ಇನ್ನೂ ಆರಿಲ್ಲ. ಇಳಿಹೊತ್ತಿಗೆ ಭಾಲ್ಕಿ. ಗಂಡ ಸತ್ತ ಮೇಲೆ ಮೂರು ಮಕ್ಕಳನ್ನು ಕಟ್ಟಿಕೊಂಡು ಅವರ ಶಾಲೆಗಾಗಿ ಆ ಊರಿಗೆ ಬಂದವಳು. ದಲ್ಲಾಳಿಗಳ ಅಡತಿ ಅಂಗಡಿಗಳ ಮುಂದೆ ಕಾಳು ಹಸನು ಮಾಡಿಯೇ ಮೂವರನ್ನೂ ಓದಿಸಿದಳು. ಆ ಬೆಳಗಿನಲ್ಲಿ ಆಕೆಯ ಕೈಗಳು ಮೊರವಿಲ್ಲದೆ ಕೇರುತ್ತಿದ್ದವು. ನೋಡುತ್ತಾ ಕುಳಿತರೆ ಕೌದಿಯ ಮೇಲೆ ಹೊಟ್ಟು ಹಾರಿದಂತೆ ನನಗೂ ಕಾಣುತ್ತಿತ್ತು. ನಿಜವಾದ ಬೆಳಗು ಬೀದರಿನದು. ಅದರಲ್ಲಿ ಮಾತ್ರ ಆಕೆಗೆ ನಾನು ಯಾರೆಂದು ತಿಳಿಯುತ್ತಿರಲಿಲ್ಲ.

ನಾನು ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ನನ್ನ ಭಕ್ತಿಯೂ ಅಷ್ಟಕ್ಕಷ್ಟೇ. ಹಾಲು ಉಕ್ಕುವುದರೊಳಗೆ ನನ್ನ ಪೂಜೆ ಮುಗಿಯುತ್ತದೆ. ಅತ್ತೆ ನನ್ನನ್ನು ಮಗಳಂತೆ ನೋಡಿಕೊಂಡಳೆಂದು ಸುಳ್ಳು ಬರೆಯಲಾರೆ. ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುತ್ತಿದ್ದವಳು ಆಕೆ.

ಮೇಲಿಂದ ಮೇಲೆ ಜಳಕ ಮಾಡುವುದನ್ನು ತಪ್ಪಿಸಲು ನಾನೊಂದು ದಾರಿ ಕಂಡುಕೊಂಡಿದ್ದೆ. ಎಚ್ಚರವಾದೊಡನೆ ಆಕೆಯ ಕೈ ಹಿಡಿದು ಹಣೆಗೆ ಮುಟ್ಟಿಸುತ್ತಿದ್ದೆ.

“ಈಬತ್ತಿ ಅದನೋ ಇಲ್ಲೋ, ನೋಡ್ರಿ ಅತ್ತಿ.”

ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಬೆರಳಿಗೆ ಹತ್ತುತ್ತಿತ್ತು. “ಅದ.”

“ಅಂದ್ರ ಪೂಜಿ ಆಗ್ಯಾದ. ಈಗ ಉಣ್ರಿ.”

ನನ್ನ ಮಾತು ನಂಬದವಳು ತನ್ನ ಬೆರಳನ್ನು ನಂಬುತ್ತಿದ್ದಳು.

ಹೋದ ಚಳಿಗಾಲದಲ್ಲಿ ಆಕೆಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಜಳಕ ಮಾಡಿಸಬೇಡಿ, ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ಕೊಡಬೇಡಿ ಎಂದರು ಡಾಕ್ಟರು. ಜಳಕವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಗಂಜಿಯಿಲ್ಲ, ಗಂಜಿಯಿಲ್ಲದೆ ಗುಳಿಗೆಯಿಲ್ಲ. ಒಂದು ಹಗಲು ಒಂದು ರಾತ್ರಿ ಬಾಯಿ ಬಿಗಿದು ಮಲಗಿದಳು.

ಅಜ್ಜಿಯನ್ನು ಆಯಿ ಎಂದು ಕರೆಯುವ ನನ್ನ ಮಗ ಬಾಗಿಲಲ್ಲಿ ನಿಂತು, “ಅವ್ವಾ, ಹಿಂಗಾ ಬಿಟ್ರ ಆಯಿ ಉಳಿಯಲ್ಲ. ಏನರ ಮಾಡು” ಎಂದ.

“ನೀನಾ ಹೇಳು. ಮೊಮ್ಮಗನ ಮಾತರ ಕೇಳ್ತಾಳೇನು ನೋಡು.”

“ನಿನ್ನಿ ನನಗ ಅಡತಿ ಸಾಹುಕಾರ ಅಂತ ತಿಳದು ಬೈದಾಳ!”

ಆಕೆಗೆ ಜೋಂಪು ಹತ್ತಿದಾಗ ನಾನು ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಆಕೆಯ ಹಣೆಗೆ ಎಳೆದೆ. ಹಣೆ ಕಾದ ಹಂಚಿನಂತಿತ್ತು. ಗಂಜಿ ತಂದಿಟ್ಟು ಎಬ್ಬಿಸಿದೆ.

ಹಣೆ ಮುಟ್ಟಿಕೊಂಡಳು. ಬೆರಳು ಗೆರೆಯ ಮೇಲೆ ನಿಧಾನವಾಗಿ ಆ ತುದಿಗೆ ಹೋಯಿತು, ಮತ್ತೆ ಈ ತುದಿಗೆ ಬಂತು.

“ಇದು ನನ್ನ ಕೈದಲ್ಲ.”

“ಮತ್ಯಾರದ್ರಿ?”

“ನಿಂದು. ರೊಟ್ಟಿ ಬಡದಂಗ ಬಡದೀದಿ.”

ಎಷ್ಟೋ ತಿಂಗಳ ಮೇಲೆ ಆಕೆ ನನ್ನನ್ನು ಗುರುತಿಸಿದ್ದು ಅಂದೇ.

“ಪೂಜಿ ನೀ ಮಾಡಿದ್ರ ನೀನಾ ಉಣ್ಣು. ನನಗ್ಯಾಕ ಕೊಡ್ತಿ?”

ಮೊದಲು ಸಿಟ್ಟು ಬಂತು. ನಾಚಿಕೆ ಆಮೇಲೆ. ಬಿಸಿನೀರಿನಲ್ಲಿ ಅರಿವೆ ಅದ್ದಿ ಹಿಂಡಿ, ಆಕೆಯ ಮೈ ಒರೆಸಿದೆ.

“ಇವತ್ತ ಇದಾ ಜಳಕ ನೋಡ್ರಿ. ಆಗಲ್ಲಂದ್ರ ನಾನೂ ಉಣ್ಣಲ್ಲ. ಇಬ್ಬರೂ ಉಪಾಸ ಬೀಳೋಣು.”

“ನೀ? ಉಪಾಸ?” ಆಕೆ ಕೆಮ್ಮುತ್ತಲೇ ನಕ್ಕಳು. “ಹೊತ್ತು ಏರೂದ್ರಾಗ ರೊಟ್ಟಿ ಬುಟ್ಟಿಗಿ ಕೈ ಹಾಕಾಕಿ!” ಎಂದು ಎಡಗೈ ಚಾಚಿದಳು.

ಕೈ ನಿಲ್ಲಲಿಲ್ಲ. ಅದರ ಕೆಳಗೆ ನನ್ನ ಅಂಗೈ ಕೊಟ್ಟೆ. ಆಕೆಯ ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಆಕೆಯ ಅಂಗೈಯಲ್ಲಿ ಕೂಡಿಸಿದೆ. ಹನಿಸಿದ ನೀರು ಆಕೆಯ ಬೆರಳ ಸಂದಿಯಿಂದ ನನ್ನ ಬೆರಳ ಸಂದಿಗೆ ಇಳಿಯಿತು. ಆಕೆ ಲಿಂಗ ನೋಡುತ್ತಾ ಉಳಿದಳು. ನಾನೂ ನೋಡಿದೆ, ಅಷ್ಟು ಹೊತ್ತು ಅದನ್ನು ನಾನೆಂದೂ ನೋಡಿದ್ದಿಲ್ಲ. ಕಿಟಕಿಯ ಬಿಸಿಲು ಗೋಡೆಯಿಂದ ಕೌದಿಗೆ, ಕೌದಿಯಿಂದ ನೆಲಕ್ಕೆ ಬಂತು. ಎಲ್ಲಿಂದಲೋ ಹಸಿ ಕಡಲೆಯ ವಾಸನೆ ಬಂದಂತಾಯಿತು. ನಾವು ಯಾವ ಊರಿನಲ್ಲಿದ್ದೇವೆಂದು ಆಗ ಯಾರಾದರೂ ಕೇಳಿದ್ದರೆ ನಾನೂ ತಪ್ಪು ಹೇಳುತ್ತಿದ್ದೆನೇನೋ. ಕೈ ಜೋಮು ಹಿಡಿಯಿತು. ತೆಗೆಯಲಿಲ್ಲ.

ಮುಗಿದ ಮೇಲೆ ನಾನೆಳೆದ ಗೆರೆಗಳನ್ನು ಸೆರಗಿನಿಂದ ಒರೆಸಿ, ತಾನೇ ಮೂರು ಗೆರೆ ಎಳೆದುಕೊಂಡಳು. ಚಮಚದಲ್ಲಿ ಗಂಜಿ ಹಿಡಿದೆ. ಒಂದು ಗುಟುಕು ನುಂಗಿ ಮುಖ ಕಿವುಚಿದಳು.

“ಆರಿ ತಣ್ಣಗಾಗ್ಯಾದ. ಕಾಸಿಕೊಂಡು ಬಾ.”

ನಾನು ಬಟ್ಟಲು ಎತ್ತಿಕೊಂಡು ಎದ್ದೆ. ಮಗ ಗುಳಿಗೆ ಬಿಡಿಸಿ ಹಿಡಿದು ನಿಂತ.