ಹೊರಗೋಡೆಯ ಗೂಡು

ಒಂದು ಗೋಡೆಯನ್ನು ನಾನು ಒಡೆಯಲಿಲ್ಲ. ನನ್ನ ತಪ್ಪು ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಒಡೆಯಬೇಕಾದದ್ದನ್ನು ಬಿಟ್ಟು ಒಡೆಯಬಾರದ ಇನ್ನೊಂದನ್ನು ಒಡೆದೆ, ಅದನ್ನು ಮುಚ್ಚಿಟ್ಟು ಎರಡು ಚಳಿಗಾಲ ಅಕ್ಕನ ಕೈಯ ಊಟ ಉಂಡೆ. ತಿಂಗಳಿಗೊಮ್ಮೆ ಅವಳು ನೀಲಿ ಪ್ಲಾಸ್ಟಿಕ್ ಟಬ್ ಹಿಡಿದು ನನ್ನ ಮುಂದೆ ನಿಂತಾಗಲೆಲ್ಲ ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಕಾಶಿಯಲ್ಲಿ ನಮ್ಮ ಮನೆ ಗೋದೌಲಿಯಾ ಪೇಟೆಯ ಗದ್ದಲ ಹಿಂದೆ ಉಳಿದು ಘಾಟಿನ ಕಡೆಗೆ ಇಳಿಯುವ ಗಲ್ಲಿಯಲ್ಲಿದೆ. ಕನ್ನಡದ ಊರುಗಳಿಂದ ಅಸ್ಥಿ ತಂದವರು ಇಲ್ಲಿ ಇಳಿದುಕೊಳ್ಳುತ್ತಾರೆ. ಭಾವ ಕರ್ಮ ಮಾಡಿಸುತ್ತಾರೆ, ಅಕ್ಕ ಬಡಿಸುತ್ತಾಳೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಮಂತ್ರವೂ ನಾಲಿಗೆಗೆ ಹತ್ತದೆ, ಏಸಿಗೆ ಡಕ್ಟ್, ಅಂದರೆ ಗಾಳಿ ಹಾಯುವ ತಗಡಿನ ಕೊಳವೆ, ಕೂರಿಸುವ ಕೆಲಸ ಕಲಿತೆ. ಅಸ್ಥಿಯ ಕುಡಿಕೆ ನಮ್ಮ ಹೊಸ್ತಿಲು ದಾಟುವಂತಿಲ್ಲ. ಬಾಗಿಲಿನ ಎಡಕ್ಕೆ, ಹೊರಗೋಡೆಯಲ್ಲಿ, ಮೊಳದಗಲದ ಗೂಡೊಂದಿದೆ. ಬಟ್ಟೆ ಸುತ್ತಿದ ಕುಡಿಕೆ ಅಲ್ಲಿ ಕಾಯುತ್ತದೆ, ತಂದವರು ಕಾಲು ತೊಳೆದು ಒಳಗೆ ಬರುತ್ತಾರೆ. ಅಜ್ಜನ ಕಾಲದಿಂದಲೂ ಹೀಗೆಯೇ. ಸತ್ತವರಿಗೂ ಇದ್ದವರಿಗೂ ನಡುವೆ ಒಂದು ಹೊಸ್ತಿಲಿನ ದೂರವಾದರೂ ಬೇಡವೇ, ಹೇಳಿ.

ಘಾಟಿನ ಹೊಗೆ, ಒಲೆಯ ಮುಂದೆ ಕಳೆದ ಮೂವತ್ತು ವರ್ಷ, ಚಳಿಗಾಲದ ಕಾವಳ, ಇವೆಲ್ಲ ಸೇರಿ ಅಕ್ಕನ ಎದೆಯಲ್ಲಿ ಒಂದು ಸಿಳ್ಳೆ ಕೂತಿತ್ತು. ಮಾತಿನ ನಡುವೆ ನಿಂತು ಗಾಳಿ ಹುಡುಕುತ್ತಿದ್ದಳು. ಶುದ್ಧ ಗಾಳಿಯಲ್ಲಿರಬೇಕು, ಇಲ್ಲದಿದ್ದರೆ ಕಷ್ಟ ಎಂದರು ಡಾಕ್ಟರು. ಒಳಮನೆಯ ಡಕ್ಟ್ ನಾನೇ ಕೂರಿಸಿದ್ದು; ಅದಕ್ಕೆ ಗಾಳಿ ತೊಳೆಯುವ ಕರೆಂಟಿನ ಯಂತ್ರ ಸೇರಿಸುತ್ತೇನೆಂದು ಮಾತು ಕೊಟ್ಟೆ. ಅದರ ಕೂದಲೆಳೆಯಂಥ ತಂತಿಗಳು ಧೂಳಿಗೆ ವಿದ್ಯುತ್ತು ತಾಗಿಸುತ್ತವೆ, ಹಿಂದಿರುವ ತಗಡಿನ ಹಾಳೆಗಳು ಆ ಧೂಳನ್ನು ಎಳೆದು ಹಿಡಿದುಕೊಳ್ಳುತ್ತವೆ. ದಪ್ಪ ಕಣವೇನಾದರೂ ಸಿಕ್ಕಿದರೆ ಚಟ್ ಎನ್ನುತ್ತದೆ. ಮಿಂಚು ಹೊಡೆದ ಮೇಲಿನ ಗಾಳಿಯಂಥ ಸಣ್ಣ ವಾಸನೆ.

ಯಂತ್ರಕ್ಕೆ ಗಾಳಿ ಎಳೆದುಕೊಳ್ಳುವ ಬಾಯಿಯೊಂದು ಬೇಕು. ಅದನ್ನು ನಡುಮನೆಯ ಗೋಡೆಯಲ್ಲಿ ತೆಗೆಯಬೇಕಿತ್ತು. ಅದು ಚುನಾರಿನ ಕಲ್ಲು, ಮೊಳದಪ್ಪ, ಎರಡು ದಿನದ ಕೆಲಸ. ಮರುದಿನ ಇದೇ ಊರಿನ ಲಂಕಾ ಬಡಾವಣೆಯ ಕೋಚಿಂಗ್ ಸೆಂಟರೊಂದರಲ್ಲಿ ಬೇರೆ ಕೆಲಸ ಒಪ್ಪಿಕೊಂಡಿದ್ದೆ. ಗೂಡಿನ ಹಿಂಗೋಡೆಯೋ ಒಂದೇ ಇಟ್ಟಿಗೆಯದು, ಅದರ ಬೆನ್ನಿಗೇ, ಒಳಗಡೆ, ಡಕ್ಟಿಗೆ ಗಾಳಿ ನೂಕುವ ಫ್ಯಾನಿನ ಪೆಟ್ಟಿಗೆ. ಅಕ್ಕ, ಭಾವ ಗಯೆಗೆ ಹೋಗಿದ್ದರು. ಅರ್ಧ ಗಂಟೆಯಲ್ಲಿ ಒಡೆದು, ಜಾಲರಿ ಹೊಡೆದು, ಸುಣ್ಣ ಬಳಿದುಬಿಟ್ಟೆ. ಯಂತ್ರ ಹಿಂದೆಯೇ ಇದೆ, ಎಲ್ಲವನ್ನೂ ಹಿಡಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಜಾಲರಿ ಯಾಕೆಂದು ಅಕ್ಕ ಕೇಳಿದಾಗ, ಮಶೀನಿನ ಬಿಸಿ ಹೊರಗೆ ಹೋಗಲು ಎಂದೆ.

ಅವಳ ಸಿಳ್ಳೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಆದರೆ ಇಳಿಯಿತು. ಬಂದವರಿಗೆಲ್ಲ ಡಕ್ಟಿನ ಗಾಳಿ ಇಳಿಯುವ ಮೇಲಿನ ಕಿಂಡಿ ತೋರಿಸಿ, ನನ್ನ ಉಸಿರು ನನ್ನ ತಮ್ಮ ಕೊಟ್ಟದ್ದು ಎನ್ನುತ್ತಿದ್ದಳು. ನಾನು ಆಗ ಎದ್ದು ಬೇರೆಡೆ ಹೋಗುತ್ತಿದ್ದೆ. ತಿಂಗಳಿಗೊಮ್ಮೆ ನಾನು ಬಿಚ್ಚಿಕೊಟ್ಟ ಯಂತ್ರದ ಹಾಳೆಗಳನ್ನು ಆ ನೀಲಿ ಟಬ್ಬಿನಲ್ಲಿ ಅವಳೇ ತೊಳೆಯುತ್ತಿದ್ದಳು. ಮೊದಲು ಬರಿಯ ನೀರಲ್ಲಿ ಅದ್ದಿ, ಆ ಬೂದು ನೀರನ್ನು ತಾರಸಿಯ ದಾಸವಾಳಕ್ಕೆ ಸುರಿದು, ಆಮೇಲೆ ಸೋಪು. ಕಾವಳದಲ್ಲಿ ಗಲ್ಲಿಯ ಗಿಡಗಳೆಲ್ಲ ಮುದುರಿದ್ದಾಗ ನಮ್ಮ ದಾಸವಾಳ ಬಿಡದೆ ಹೂ ಬಿಟ್ಟಿತು. ದೇವರ ತಲೆಯ ಮೇಲಿನ ಆ ಕೆಂಪನ್ನು ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಗೂಡಿನಲ್ಲಿ ಕುಡಿಕೆಯಿದ್ದಾಗ ಅಕ್ಕ ಆ ಕಡೆ ಮುಖ ತಿರುಗಿಸುವವಳಲ್ಲ, ಹಾಗಾಗಿ ನಾನು ಕಂಡದ್ದನ್ನು ಅವಳು ಕಾಣಲಿಲ್ಲ. ಗಲ್ಲಿಯಲ್ಲಿ ಎಲೆ ಅಲುಗದಿದ್ದಾಗಲೂ ಕುಡಿಕೆಗೆ ಸುತ್ತಿದ ಬಟ್ಟೆಯ ತುದಿ ಜಾಲರಿಯ ಕಡೆಗೆ ಚಾಚಿಕೊಂಡಿರುತ್ತಿತ್ತು, ಒಳಗೆ ಬರಲು ಕೈ ನೀಡಿದ ಹಾಗೆ. ಒಮ್ಮೆ ಅಕ್ಕ ಅನ್ನ ಬಸಿಯುತ್ತ ಹೇಳಿದಳು:

"ಕುಡಿಕೆ ಬಂದ ದಿನ ನಿನ್ನ ಮಶೀನು ಜಾಸ್ತಿ ಮಾತಾಡತ್ತೆ ಕಣೋ."

ವೋಲ್ಟೇಜು ಅಕ್ಕಾ, ಎಂದೆ. ಈ ಊರಿನಲ್ಲಿ ಯಾವುದಕ್ಕೂ ಆ ಉತ್ತರ ಸಲ್ಲುತ್ತದೆ.

ಉಸಿರು ಎಂಥ ವಸ್ತು ಎಂದು ಆಗಾಗ ಯೋಚಿಸುತ್ತೇನೆ. ಅನ್ನವನ್ನು ಆರಿಸಿ ಉಣ್ಣಬಹುದು, ನೀರನ್ನು ಸೋಸಿ ಕುಡಿಯಬಹುದು. ಉಸಿರನ್ನು ಮಾತ್ರ ಯಾರು ಬಿಟ್ಟದ್ದೆಂದು ಕೇಳದೆ ಒಳಗೆ ತೆಗೆದುಕೊಳ್ಳುತ್ತೇವೆ. ಕಾಶಿಯ ಗಾಳಿಯಲ್ಲಿ ಬೂದಿ ಇಲ್ಲದ ದಿನವೇ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೂ ಉಂಟು. ಆದರೆ ತಾನಾಗಿ ಬರುವ ಗಾಳಿ ಬೇರೆ, ಫ್ಯಾನು ಹಾಕಿ ಎಳೆದು ತಂದದ್ದು ಬೇರೆ. ಅದೂ ಅಷ್ಟೊಂದು ನಂಬಿ ಕಿಂಡಿಯ ಕೆಳಗೆ ಕೂತವಳ ಎದೆಗೆ.

ಈ ಚಳಿಗಾಲ ಗದಗದ ಕಡೆಯ ಒಬ್ಬರು ಗಂಡನ ಅಸ್ಥಿ ತಂದರು. ಕುಡಿಕೆ ಗೂಡಿನಲ್ಲಿಟ್ಟು ಒಳಗೆ ಬಂದು ಕೂತರು. ಜೊತೆಗೆ ಬಂದ ಮೈದುನ ದೋಣಿ ಗೊತ್ತುಮಾಡಲು ಭಾವನ ಜೊತೆ ಹೋದ. ಬೆಳಗಿನ ಹತ್ತು ಗಂಟೆಯಾದರೂ ಗಲ್ಲಿ ಕಾಣದಷ್ಟು ಕಾವಳ. ಅಕ್ಕ ಚಹಾ ಕೊಟ್ಟಳು. ಮೇಲೆ ಚಟ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು, ಮತ್ತೊಂದು. ಆಕೆ ಲೋಟ ಕೆಳಗಿಟ್ಟು ಕಿಂಡಿಯತ್ತ ಮುಖವೆತ್ತಿದರು. ಹೆದರಿದಂತೆ ಕಾಣಲಿಲ್ಲ.

"ನಮ್ಮನಿಯವ್ರು ಚಾ ಕುಡಿಯೂ ಮುಂದ ಹಿಂಗ ನೆಟಿಗಿ ಮುರೀತಿದ್ರು," ಎಂದರು. "ಒಂದೊಂದ ಬಟ್ಟು, ಸಾವಕಾಶ."

ಐದರ ತನಕ ನಾನು ಎಣಿಸಿದೆ. ಆಮೇಲೆ ಸದ್ದು ನಿಂತು, ಇನ್ನೊಂದು ಕೈಯನ್ನು ಹಿಡಿದುಕೊಳ್ಳುವಷ್ಟು ಹೊತ್ತು ಬಿಟ್ಟು, ಮತ್ತೆ ಶುರುವಾಯಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

ಎದ್ದು ಹೋಗಿ ಸ್ವಿಚ್ ಆರಿಸಿದೆ. ಪೆಟ್ಟಿಗೆಯ ಬಾಗಿಲು ತೆಗೆದು ಹಾಳೆಗಳನ್ನು ಎಳೆದೆ. ಹೊಗೆಯ ಮಸಿ ಕಪ್ಪಗಿರುತ್ತದೆ. ಅದರ ಮೇಲೆ ನುಣ್ಣನೆ ಬಿಳಿಯದೊಂದು ಪದರ ಕೂತಿತ್ತು. ಒಳಗಿನಿಂದ ಆಕೆಯ ಧ್ವನಿ ಬಂತು:

"ಯಾಕ ನಿಂತಿತ್ರೀ ಅದು?"

ಅಷ್ಟರಲ್ಲಿ ಅಕ್ಕ ನೀಲಿ ಟಬ್ ತಂದು, ಎಂದಿನಂತೆ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು. ನಾನು ಹಾಳೆಗಳನ್ನು ಅದರಲ್ಲಿ ಇಡಲಿಲ್ಲ, ಎದೆಗೆ ಒತ್ತಿ ಹಿಡಿದುಕೊಂಡೆ.

"ಅಕ್ಕಾ, ಆ ಜಾಲರಿ ಬಿಸಿ ಹೊರಗೆ ಬಿಡೋದಲ್ಲ, ಒಳಗೆ ಎಳೆಯೋದು. ಗೂಡಿನ ಹಿಂಗೋಡೆ ಒಡೆದವನು ನಾನು. ಹೊಸ್ತಿಲು ದಾಟಬಾರದವರನ್ನೆಲ್ಲ ನಿನ್ನ ಎದೆ ತನಕ ತಂದುಬಿಟ್ಟೆ. ತಪ್ಪಾಯ್ತು ಅಕ್ಕಾ, ತಪ್ಪಾಯ್ತು."